ಶಾರ್ಕ್ ಚಲಚ್ಚಿತ್ರಗಳೂ ಎರೆಯ ನೀತಿಯೂ

ಎಂಬತ್ತು ದಾಟಿದ ಒಬ್ಬ ಮಹಿಳೆ ಫಿಜಿಯ ಕಡಲಿಗೆ ಇಳಿಯುವಳು. ನೆಲದ ಮೇಲೆ ಆಕೆಯ ಹೆಜ್ಜೆ ಭಾರವಾಗಿದೆ. ನೀರಿನಲ್ಲಿ ಆ ಭಾರವಿಲ್ಲ. ಸುತ್ತಲೂ ಮನುಷ್ಯನಿಗಿಂತ ದೊಡ್ಡವಾದ ಶಾರ್ಕುಗಳು ಸುಳಿಯುತ್ತಿರುವುವು. ಆಕೆಯ ಮುಖದಲ್ಲಾದರೋ ಬಹುಕಾಲದ ಮೇಲೆ ತವರಿಗೆ ಬಂದವಳ ಸಮಾಧಾನವಿದೆ. ಸ್ಯಾಲಿ ಏಟ್ಕೆನ್ ಎಂಬವರು ನಿರ್ದೇಶಿಸಿ 2021ರಲ್ಲಿ ಹೊರತಂದ ‘ಪ್ಲೇಯಿಂಗ್ ವಿತ್ ಶಾರ್ಕ್ಸ್’ ಎಂಬ ಸಾಕ್ಷ್ಯಚಿತ್ರದ ಕೊನೆಯ ಭಾಗವಿದು. ಆ ಮಹಿಳೆ ಆಸ್ಟ್ರೇಲಿಯದ ವ್ಯಾಲರಿ ಟೇಲರ್. ಅರ್ಧ ಶತಮಾನಕ್ಕೂ ಮಿಗಿಲಾಗಿ ಶಾರ್ಕುಗಳ ನಡುವೆ ಮುಳುಗಿ, ಅವುಗಳ ಚಿತ್ರಗಳನ್ನು ತೆಗೆದು, ತೆಗೆಯಿಸಿಕೊಂಡು, ಜಗತ್ತಿಗೆ ಪರಿಚಯಿಸಿದವಳು. ಚಿತ್ರವನ್ನು ನೋಡಿದವರಿಗೆ ಇದೊಂದು ಹಳೆಯ ಸ್ನೇಹದ ಕೊನೆಯ ಭೇಟಿಯೆಂದು ತೋರಿ ಮನಸ್ಸು ಕರಗುವುದರಲ್ಲಿ ಸಂದೇಹವಿಲ್ಲ. ಆದರೆ ಒಂದು ಪ್ರಶ್ನೆಯನ್ನು ಮಾತ್ರ ಪ್ರೇಕ್ಷಕನು ತಾನಾಗಿಯೇ ಕೇಳಿಕೊಳ್ಳಬೇಕಾಗಿದೆ. ಸ್ನೇಹಿತರು ಸರಿಯಾಗಿ ಆ ವೇಳೆಗೆ, ಆ ಸ್ಥಳಕ್ಕೆ, ಅಷ್ಟು ಮಂದಿ ಒಟ್ಟಿಗೆ ಏಕೆ ಬಂದರು? ಫಿಜಿಯ ಪ್ರಸಿದ್ಧವಾದ ಶಾರ್ಕ್ ತಾಣಗಳಲ್ಲಿ ಟ್ಯೂನಾ ಮೀನಿನ ತಲೆಗಳನ್ನು ನೀಡಿ ಅವನ್ನು ಕರೆಯುವುದು ಬಹುಕಾಲದ ರೂಢಿ. ಬಂದ ಅತಿಥಿಗಳು ಊಟಕ್ಕೆ ಬಂದವರು.

ಇಷ್ಟರಿಂದಲೇ ಸ್ನೇಹವು ಸುಳ್ಳೆಂದು ಹೇಳಿಬಿಡುವುದು ದುಡುಕಾದೀತು. ಊಟಕ್ಕೆ ಕರೆಯುವುದೂ ಸ್ನೇಹದ ಒಂದು ರೀತಿಯೇ. ಆದರೆ ಕಾಡುಪ್ರಾಣಿಯನ್ನು ಊಟಕ್ಕೆ ಕರೆದು, ಅದು ತಿನ್ನುವುದನ್ನು ಪಟ ಹಿಡಿದು, ತಿನಿಸನ್ನು ಮರೆಯಿಟ್ಟು ಪ್ರಾಣಿಯನ್ನು ಮಾತ್ರ ತೋರಿಸಿದರೆ, ನೋಡುವವನ ಕೈಗೆ ಬರುವುದು ಆ ಪ್ರಾಣಿಯ ಸ್ವಭಾವವೋ, ತಿನಿಸಿನ ಸ್ವಭಾವವೋ? ಎಪ್ಪತ್ತು ವರ್ಷಗಳಿಂದ ಬಂದಿರುವ ಶಾರ್ಕ್ ಚಿತ್ರಗಳನ್ನು ಸಾಲಾಗಿ ಇಟ್ಟು ನೋಡಿದರೆ ಈ ಪ್ರಶ್ನೆಯೇ ಅವುಗಳ ಯೋಗ್ಯತೆಯನ್ನು ಅಳೆಯುವ ಅಳತೆಗೋಲೆಂಬುದು ತಿಳಿಯುವುದು.

ಗಾಳಕ್ಕೆ ಸಿಕ್ಕಿಸುವ ತಿನಿಸಿಗೆ ಕನ್ನಡದಲ್ಲಿ ಎರೆ ಎಂದು ಹೆಸರು. ಅದೇ ಅರ್ಥಕ್ಕೆ ಸಲ್ಲುವ ಆಮಿಷವೆಂಬ ಶಬ್ದಕ್ಕೆ ಮೂಲದಲ್ಲಿ ಮಾಂಸವೆಂದರ್ಥ. ಕನ್ನಡದ ಬಳಕೆಯಲ್ಲಿ ಅದು ಲೋಭಗೊಳಿಸುವ ವಸ್ತುವೆಂಬ ಅರ್ಥವನ್ನೇ ಹೆಚ್ಚಾಗಿ ಉಳಿಸಿಕೊಂಡಿದೆ. ಮಾಂಸವನ್ನೂ ಮರುಳನ್ನೂ ಒಂದೇ ಪದದಲ್ಲಿ ಕಟ್ಟಿದ ಹಿರಿಯರಿಗೆ ಬೆಸ್ತರ ಕಸುಬಿನ ಪರಿಚಯ ಚೆನ್ನಾಗಿದ್ದಿರಬೇಕು. ಹಳೆಯ ಕವಿಗಳ ಸಮುದ್ರವರ್ಣನೆಗಳಲ್ಲಿ ಮಕರ ತಿಮಿಂಗಿಲಗಳಿಗೆ ಕೊರತೆಯಿಲ್ಲ. ತುಳುವರು ತಾಟೆಯೆಂದೂ ಕೊಂಕಣಿಗರು ಮೋರಿಯೆಂದೂ ಕರೆಯುವ ಶಾರ್ಕ್ ಕರಾವಳಿಯವರಿಗೆ ಬಲೆಗೆ ಬೀಳುವ, ಸಂತೆಗೆ ಬರುವ, ಒಲೆಯನ್ನು ಕಾಣುವ ಒಂದು ಮೀನು. ಘಟ್ಟದ ಮೇಲಿನ ಮನೆಗಳಿಗಾದರೋ ಅದು ಚಲಚ್ಚಿತ್ರದ ಮೂಲಕವೇ ಪರಿಚಯವಾದ ಪ್ರಾಣಿ. ಕಣ್ಣಾರೆ ಕಂಡವರು ಕೆಲವರು, ಚಿತ್ರದಲ್ಲಿ ಕಂಡವರು ಕೋಟಿಗಟ್ಟಲೆ. ಹೀಗಿರುವಲ್ಲಿ ಚಿತ್ರಕಾರನ ಹೊಣೆ ಕಥೆಗಾರನ ಹೊಣೆಗಿಂತ ಹೆಚ್ಚಿನದು.

ಮೊದಲು ಹೇಳಬೇಕಾದುದು ಕುಸ್ತೋ ಮತ್ತು ಲೂಯಿ ಮಾಲ್ ಇವರ ‘ದಿ ಸೈಲೆಂಟ್ ವರ್ಲ್ಡ್’. 1956ರಲ್ಲಿ ಕಾನ್ ಉತ್ಸವದ ಅತ್ಯುನ್ನತ ಬಹುಮಾನವನ್ನು ಪಡೆದ ಈ ಚಿತ್ರ ಕಡಲಿನೊಳಗಿನ ಬಣ್ಣವನ್ನು ಮನೆಮನೆಗೆ ಮುಟ್ಟಿಸಿತು. ಅದರಲ್ಲಿ ‘ಕ್ಯಾಲಿಪ್ಸೊ’ ಹಡಗಿಗೆ ಸಿಕ್ಕಿ ಒಂದು ತಿಮಿಂಗಿಲದ ಮರಿ ಗಾಯಗೊಳ್ಳುವುದು. ನಾವಿಕರು ಅದನ್ನು ಕೊಂದು ಸಂಕಟದಿಂದ ಬಿಡಿಸುವರು. ನೆತ್ತರಿನ ಜಾಡು ಹಿಡಿದು ಶಾರ್ಕುಗಳು ಬಂದು ಹೆಣವನ್ನು ತಿನ್ನತೊಡಗುವುವು. ಆಗ ಅದೇ ನಾವಿಕರು ರೋಷಗೊಂಡು ಶಾರ್ಕುಗಳನ್ನು ಕೊಕ್ಕೆಗಳಿಂದ ಮೇಲೆಳೆದು ಹಡಗಿನ ಅಟ್ಟದ ಮೇಲೆ ಹೊಡೆದು ಕೊಲ್ಲುವರು. ಮರಿಯನ್ನು ಗಾಯಗೊಳಿಸಿದ್ದು ಹಡಗು, ಶಿಕ್ಷೆ ಶಾರ್ಕಿಗೆ. ಇಂದಿನ ಪ್ರೇಕ್ಷಕನು ಈ ಭಾಗವನ್ನು ತಲೆತಗ್ಗಿಸದೆ ನೋಡಲಾರನು. ಆದರೂ ಈ ಚಿತ್ರದಲ್ಲಿ ಒಂದು ಪ್ರಾಮಾಣಿಕತೆಯಿದೆ. ಹೆಣವೂ ಶಾರ್ಕೂ ಮನುಷ್ಯನೂ ಒಂದೇ ಚೌಕಟ್ಟಿನಲ್ಲಿದ್ದಾರೆ, ಯಾವುದನ್ನೂ ಮುಚ್ಚಿಲ್ಲ. ಕ್ರೌರ್ಯ ಯಾರದೆಂದು ನಿರ್ಣಯಿಸಲು ಬೇಕಾದ ಸಾಮಗ್ರಿಯೆಲ್ಲವನ್ನೂ ಆ ಚಿತ್ರ ತನಗೇ ತಿಳಿಯದಂತೆ ಒದಗಿಸಿದೆ.

ಪೀಟರ್ ಗಿಂಬೆಲ್ ಎಂಬವರ ‘ಬ್ಲೂ ವಾಟರ್, ವೈಟ್ ಡೆತ್’ (1971) ಈ ಬಗೆಯ ಚಿತ್ರಗಳಲ್ಲಿ ಎಲ್ಲಕ್ಕಿಂತ ವಿಚಾರಯೋಗ್ಯವಾದುದು. ಮಹಾಶ್ವೇತ ಶಾರ್ಕನ್ನು ನೀರಿನೊಳಗೆ ಸೆರೆಹಿಡಿಯಬೇಕೆಂದು ಹೊರಟ ಒಂದು ತಂಡ ತಿಂಗಳುಗಟ್ಟಲೆ ಹಿಂದೂ ಮಹಾಸಾಗರವನ್ನು ಸುತ್ತುವುದು. ವ್ಯಾಲರಿಯೂ ಆಕೆಯ ಪತಿ ರಾನ್ ಟೇಲರನೂ ಈ ತಂಡದಲ್ಲಿದ್ದರು. ದಕ್ಷಿಣ ಆಫ್ರಿಕದ ದರ್ಬನ್ ಬಂದರಿನಿಂದ ಆ ಕಾಲದಲ್ಲಿ ತಿಮಿಂಗಿಲ ಬೇಟೆಯ ಹಡಗುಗಳು ಹೊರಡುತ್ತಿದ್ದುವು. 1975ರಲ್ಲಿ ಆ ಉದ್ಯಮ ನಿಂತುಹೋಯಿತು. ಬೇಟೆಗಾರರು ಕೊಂದ ತಿಮಿಂಗಿಲದ ಹೆಣವೇ ಚಿತ್ರತಂಡದ ಎರೆ. ಅದರ ಸುತ್ತ ನೂರಾರು ಶಾರ್ಕುಗಳು ನೆರೆದು ಮಾಂಸವನ್ನು ಕಿತ್ತು ತಿನ್ನುತ್ತಿರುವಾಗ, ಗಿಂಬೆಲ್, ಟೇಲರ್ ದಂಪತಿಗಳು ಹಾಗೂ ಸ್ಟಾನ್ ವಾಟರ್ಮನ್ ತಮ್ಮ ಬೋನುಗಳ ಬಾಗಿಲನ್ನು ತೆರೆದು ಹೊರಗೆ ಬರುವರು. ಅದುವರೆಗೆ ಮನುಷ್ಯನು ಮಾಡದಿದ್ದ ಕೆಲಸವೆಂದು ಅದಕ್ಕೆ ಪ್ರಸಿದ್ಧಿ. ಶಾರ್ಕುಗಳು ಬಂದು ಮೂತಿಯಿಂದ ತಿವಿಯುವುವು, ಮುಳುಗುಗಾರರು ಕ್ಯಾಮೆರಾಗಳಿಂದ ಅವನ್ನು ತಳ್ಳುವರು, ಅವು ತಿರುಗಿ ಹೆಣದ ಕಡೆಗೆ ಹೋಗುವುವು.

ಈ ದೃಶ್ಯದ ಬೆಲೆ ಎರಡು ಬಗೆಯದು. ನೆತ್ತರು ಕದಡಿದ ನೀರಿನಲ್ಲಿ ಕೂಡ ಶಾರ್ಕು ಕಂಡುದನ್ನೆಲ್ಲ ಕಚ್ಚುವ ಹುಚ್ಚು ಪ್ರಾಣಿಯಲ್ಲವೆಂಬುದು ಇದರಿಂದ ಪ್ರತ್ಯಕ್ಷವಾಯಿತು. ಎರೆ ಇಲ್ಲಿ ಮರೆಯಾಗಿಲ್ಲ. ಪರದೆಯನ್ನು ತುಂಬುವಷ್ಟು ದೊಡ್ಡದಾಗಿ ಕಣ್ಣೆದುರಿಗೇ ತೇಲುತ್ತಿದೆ. ಆ ಕಾರಣದಿಂದಲೇ ದೃಶ್ಯಕ್ಕೆ ನಂಬಿಕೆಯ ಬಲ ಬಂದಿದೆ. ಎರಡನೆಯ ಬೆಲೆ ತೆಗೆದವರ ಉದ್ದೇಶದಲ್ಲಿರಲಿಲ್ಲ, ಕಾಲವು ಅದನ್ನು ಸೇರಿಸಿತು. ಅಂದು ಆ ಹೆಣವನ್ನು ಮುತ್ತಿದವುಗಳಲ್ಲಿ ಪ್ರಧಾನವಾಗಿದ್ದ, ರೆಕ್ಕೆಯ ತುದಿ ಬೆಳ್ಳಗಿರುವ ಸಾಗರಶಾರ್ಕ್ ಇಂದು ಅಳಿವಿನ ಅಂಚಿಗೆ ಬಂದ ಪ್ರಾಣಿಗಳ ಪಟ್ಟಿಯಲ್ಲಿ ಅತ್ಯಂತ ಅಪಾಯದ ಸಾಲಿನಲ್ಲಿದೆ. ನಡುಗಡಲಿನ ಶಾರ್ಕುಗಳೂ ತೊರಕೆಗಳೂ 1970ರಿಂದ 2018ರ ವರೆಗೆ ನೂರಕ್ಕೆ 71ರಷ್ಟು ಕಡಿಮೆಯಾದುವೆಂದು 2021ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಲೆಕ್ಕ ತಿಳಿಸುವುದು. ಗಿಂಬೆಲ್ಲರ ಚಿತ್ರ ಆ ಇಳಿತದ ಮೊದಲ ಮೆಟ್ಟಿಲಿನ ಮೇಲೆ ನಿಂತು ತೆಗೆದುದು. ಸಾಹಸಕಥೆಯೆಂದು ತೆಗೆದ ಚಿತ್ರ ಈಗ ಒಂದು ಸಂಪತ್ತಿನ ದಾಖಲೆಯಾಗಿದೆ.

ಮಹಾಶ್ವೇತವಾದರೂ ಆ ತಂಡಕ್ಕೆ ಕೊನೆಗೆ ಸಿಕ್ಕಿದ್ದು ದಕ್ಷಿಣ ಆಸ್ಟ್ರೇಲಿಯದ ಡೇಂಜರಸ್ ರೀಫ್ ಎಂಬಲ್ಲಿ. ಅದನ್ನು ಬೋನಿನ ಹತ್ತಿರಕ್ಕೆ ಬರಿಸಿದ್ದು ನೀರಿನಲ್ಲಿ ತೇಲಿಬಿಟ್ಟ ಮಾಂಸ. ಇಲ್ಲಿ ಕ್ಯಾಮೆರಾ ಬೋನಿನೊಳಗಿದೆ, ಮಾಂಸ ಕ್ಯಾಮೆರಾದ ಎದುರಿಗಿದೆ. ಆದ್ದರಿಂದ ಶಾರ್ಕು ಬಾಯಿ ತೆರೆದುಕೊಂಡೇ ಬರುವುದು. ತೆರೆದ ಬಾಯಿಯೇ ಆ ಪ್ರಾಣಿಯ ಸಹಜಮುಖವೆಂಬ ಭ್ರಾಂತಿ ಲೋಕದಲ್ಲಿ ಬೇರೂರಿದ್ದು ಇಂಥ ಚಿತ್ರಗಳಿಂದ. ಊಟಮಾಡುವಾಗ ಮಾತ್ರ ಪಟ ತೆಗೆಯಿಸಿಕೊಂಡ ಮನುಷ್ಯನ ಮುಖವೂ ಬಹಳ ಗಂಭೀರವಾಗಿ ಕಾಣಲಾರದು.

ಸ್ಪೀಲ್‌ಬರ್ಗರ ‘ಜಾಸ್’ (1975) ಕಲ್ಪಿತಕಥೆ. ಪೀಟರ್ ಬೆಂಚ್ಲಿಯವರು ಹಿಂದಿನ ವರ್ಷ ಬರೆದ ಕಾದಂಬರಿಯಿಂದ ಹುಟ್ಟಿದ್ದು. ಅದರ ಮೇಲೆ ಹೊರಿಸಿರುವ ದೋಷಗಳು ಎಲ್ಲರಿಗೂ ತಿಳಿದವು. ಬೆಂಚ್ಲಿಯವರೇ ಮುಂದೆ ಪಶ್ಚಾತ್ತಾಪಪಟ್ಟು ಕಡಲ ರಕ್ಷಣೆಗಾಗಿ ದುಡಿದು 2006ರಲ್ಲಿ ತೀರಿಕೊಂಡರು. ಆದರೆ ವಿಮರ್ಶಕರು ಸಾಮಾನ್ಯವಾಗಿ ಗಮನಿಸದ ಒಂದು ಸಂಗತಿಯಿದೆ. ಆ ಚಿತ್ರದಲ್ಲಿ ರಾಕ್ಷಸಶಾರ್ಕಿನ ತಲೆ ಮೊದಲ ಸಲ ನಿಚ್ಚಳವಾಗಿ ನೀರಿನಿಂದ ಮೇಲೆದ್ದು ಕಾಣಿಸಿಕೊಳ್ಳುವುದು ಯಾವಾಗ? ಪೋಲೀಸು ಅಧಿಕಾರಿ ಗೊಣಗುತ್ತ ಮೀನಿನ ಕರುಳು ನೆತ್ತರುಗಳ ಕಲಸನ್ನು ಸೌಟಿನಿಂದ ಕಡಲಿಗೆ ಸುರಿಯುತ್ತಿರುವಾಗ. ಕರೆದದ್ದಕ್ಕೆ ಅದು ಬಂದಿತು. ಇಡೀ ಚಿತ್ರಮಂದಿರ ಬೆಚ್ಚಿಬೀಳುವ ಆ ಕ್ಷಣದಲ್ಲಿ ಸೌಟು ಎಲ್ಲರ ಕಣ್ಣಿಗೂ ಕಾಣುತ್ತಿದೆ. ಆದರೂ ಯಾರ ನೆನಪಿನಲ್ಲಿಯೂ ಅದು ಉಳಿಯುವುದಿಲ್ಲ, ಹಲ್ಲು ಮಾತ್ರ ಉಳಿಯುವುದು. ಎರೆಯನ್ನು ತೋರಿಸಿದರೆ ಸಾಲದು, ನೋಡುವಂತೆ ತೋರಿಸಬೇಕೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಅದೇ ಚಿತ್ರಕ್ಕೆ ಬೇಕಾದ ನಿಜವಾದ ಶಾರ್ಕಿನ ದೃಶ್ಯಗಳನ್ನು ದಕ್ಷಿಣ ಆಸ್ಟ್ರೇಲಿಯದಲ್ಲಿ ತೆಗೆದುಕೊಟ್ಟವರು ಟೇಲರ್ ದಂಪತಿಗಳು. ಪ್ರಾಣಿಯು ಇದ್ದುದಕ್ಕಿಂತ ಬಲು ದೊಡ್ಡದಾಗಿ ಕಾಣಲೆಂದು ಚಿಕ್ಕ ಬೋನೊಂದನ್ನು ಮಾಡಿಸಿ, ಅದರಲ್ಲಿ ಗಿಡ್ಡ ಆಳೊಬ್ಬನನ್ನು ಇಳಿಸುವ ಏರ್ಪಾಡಾಗಿತ್ತು. ಒಮ್ಮೆ ಬೋನು ಬರಿದಾಗಿದ್ದಾಗ ಒಂದು ಶಾರ್ಕು ಅದರ ಹಗ್ಗಗಳಲ್ಲಿ ತೊಡರಿಕೊಂಡು ಬಿಡಿಸಿಕೊಳ್ಳಲು ಭಯಂಕರವಾಗಿ ಒದ್ದಾಡಿತು. ಆ ಒದ್ದಾಟ ಪರದೆಯ ಮೇಲೆ ಆಕ್ರಮಣವಾಯಿತು! ಬೋನಿನಲ್ಲಿ ಆಳಿಲ್ಲದ ಆ ದೃಶ್ಯವನ್ನು ಬಿಡಲಾರದೆ ಕಥೆಯನ್ನೇ ತಿದ್ದಿ, ಸಾಯಬೇಕಾಗಿದ್ದ ಪಾತ್ರವೊಂದನ್ನು ಬದುಕಿಸಿದರು. ಸಿಕ್ಕಿಬಿದ್ದ ಪ್ರಾಣಿಯ ಭಯವನ್ನು ಅದರ ಕೋಪವೆಂದು ಮಾರಿದ ಈ ಘಟನೆಯಲ್ಲಿ ಆ ಕಾಲದ ಶಾರ್ಕ್ ಚಿತ್ರಗಳ ರಹಸ್ಯವೆಲ್ಲವೂ ಅಡಗಿದೆ. ಚಿತ್ರವನ್ನು ನೋಡಿ ಜನ ಶಾರ್ಕುಗಳ ಮೇಲೆ ಹಗೆ ಸಾಧಿಸತೊಡಗಿದಾಗ, ಇದು ಕಟ್ಟುಕಥೆಯೆಂದು ಸಮಾಧಾನ ಹೇಳಲು ಚಿತ್ರಸಂಸ್ಥೆಯವರು ಅಮೆರಿಕದಲ್ಲಿ ಊರೂರಿಗೆ ಕಳುಹಿಸಿದ್ದೂ ಇದೇ ದಂಪತಿಗಳನ್ನು.

ಏಟ್ಕೆನ್ನರ ಚಿತ್ರ ಈ ಹಿಂದಿನ ಕಥೆಯನ್ನೆಲ್ಲ ಬಚ್ಚಿಡುವುದಿಲ್ಲ. ಅದರ ದೊಡ್ಡ ಗುಣ ಇದು. ಬಾಲ್ಯದಲ್ಲಿ ಪೋಲಿಯೋ ರೋಗಕ್ಕೆ ಸಿಕ್ಕಿ ಎದ್ದ ಹುಡುಗಿ, ಈಟಿಯಿಂದ ಮೀನು ಹೊಡೆಯುವ ಪಂದ್ಯದಲ್ಲಿ ಮೊದಲಿಗಳಾದ ತರುಣಿ, ಶಾರ್ಕುಗಳನ್ನು ಕೊಂದ ಕೈ, ಒಂದು ದಿನ ಈಟಿಯನ್ನು ಕೆಳಗಿಟ್ಟು ಕ್ಯಾಮೆರಾ ಹಿಡಿದ ಕೈ, ಎಲ್ಲವೂ ರಾನ್ ಟೇಲರ್ ತೆಗೆದ ಹಳೆಯ ಸುರುಳಿಗಳಿಂದಲೇ ಎದ್ದುಬರುವುವು. ಕೊಂದುದನ್ನು ಕೊಂದೆನೆಂದೇ ಆಕೆ ಹೇಳುವಳು. ಇಂಥ ಜೀವನಕಥೆಗಳಲ್ಲಿ ನಾಯಕಿಯನ್ನು ಹುಟ್ಟಿದಾರಭ್ಯ ಕರುಣಾಮೂರ್ತಿಯಾಗಿ ಚಿತ್ರಿಸುವ ಚಾಪಲ್ಯ ಸಾಮಾನ್ಯ. ನಿರ್ದೇಶಕಿ ಅದಕ್ಕೆ ಮನಸೋತಿಲ್ಲ. ದಂಪತಿಗಳ ಪ್ರಯತ್ನವೂ ಸೇರಿ 1984ರಲ್ಲಿ ನ್ಯೂ ಸೌತ್ ವೇಲ್ಸ್ ಪ್ರಾಂತ್ಯದಲ್ಲಿ ಗ್ರೇ ನರ್ಸ್ ಶಾರ್ಕಿಗೆ ಕಾನೂನಿನ ರಕ್ಷಣೆ ದೊರೆಯಿತು. ಜಗತ್ತಿನಲ್ಲಿ ಶಾರ್ಕೊಂದಕ್ಕೆ ದೊರೆತ ಮೊದಲ ರಕ್ಷಣೆಯಿದು. ಬಡ ಸಾಧು ಪ್ರಾಣಿಯಾದ ಆ ಶಾರ್ಕನ್ನು ನರಭಕ್ಷಕವೆಂದು ತಪ್ಪಾಗಿ ತಿಳಿದು ಈಟಿಗಾರರು ಹೆಚ್ಚು ಕಡಿಮೆ ಮುಗಿಸಿಬಿಟ್ಟಿದ್ದರು. ಕೊಂದವರೇ ಕಾಯುವವರಾದ ಕಥೆಗೆ ಇದಕ್ಕಿಂತ ಸಾಕ್ಷಿ ಬೇಡ.

ಹಾಗಾದರೆ ಕೊರತೆಯೆಲ್ಲಿ? ಕೊಲ್ಲುವುದು ತಪ್ಪೆಂದು ನಿಲ್ಲಿಸಿದ ಮೇಲೆ ಮುಂದಿನದೆಲ್ಲವೂ ಪ್ರೀತಿಯೇ ಎಂದು ಈ ಚಿತ್ರ ಎಣಿಸಿಬಿಡುವುದರಲ್ಲಿ. ದೋಣಿಯ ಹಿಂಬದಿಯ ಹಲಗೆಯ ಮೇಲೆ ಕುಳಿತು, ನೀರಿನಿಂದ ತಲೆಯೆತ್ತಿದ ಮಹಾಶ್ವೇತಕ್ಕೆ ಮೀನು ತಿನ್ನಿಸಿ ಅದರ ಮೂತಿಯನ್ನು ಸವರುವ ಹಳೆಯ ದೃಶ್ಯ ಬಹು ಪ್ರಸಿದ್ಧವಾದುದು. ಉಕ್ಕಿನ ಬಳೆಗಳಿಂದ ಹೆಣೆದ ಕವಚವನ್ನು ತೊಟ್ಟು, ಎರೆಗೆ ಬಂದ ನೀಲಿ ಶಾರ್ಕುಗಳಿಗೆ ತೋಳನ್ನೇ ಒಡ್ಡಿ ಕಚ್ಚಿಸಿಕೊಂಡ ಪ್ರಯೋಗವೂ ಹಾಗೆಯೇ. ಅದರ ಚಿತ್ರಗಳು 1981ರಲ್ಲಿ ಲೋಕವನ್ನೆಲ್ಲ ಸುತ್ತಿದುವು. ಆ ಕೈಯ ಧೈರ್ಯವನ್ನು ಯಾರೂ ಅಲ್ಲಗಳೆಯರು. ಆದರೆ ಕವಚದ ಪ್ರಯೋಗಕ್ಕೆ ಒಂದು ಕಾರಣವಿದ್ದಿತು, ಮುಂದೆ ಮುಳುಗುಗಾರರಿಗೆ ಉಪಯೋಗವೂ ಆಯಿತು. ಮೂತಿ ಸವರಿದ್ದರಿಂದ ಶಾರ್ಕಿಗೆ ಆದ ಉಪಯೋಗವೇನು? ಭಯವನ್ನು ಹೋಗಲಾಡಿಸಿತು ಎಂಬುದು ಉತ್ತರವಾದರೆ, ಹೋದದ್ದು ಯಾರ ಭಯ, ಪ್ರೇಕ್ಷಕನದೋ ಶಾರ್ಕಿನದೋ ಎಂದು ವಿಚಾರಿಸಬೇಕು. ಮನುಷ್ಯನಿಗೆ ಭಯಪಡದ ಕಾಡುಪ್ರಾಣಿ ಮನುಷ್ಯನಿಗೆ ಅಪಾಯವೆಂಬುದಕ್ಕಿಂತ ತನಗೆ ತಾನೇ ಅಪಾಯ: ಮುಂದೆ ಬರುವ ದೋಣಿಯಲ್ಲಿ ಮೀನು ಹಿಡಿದ ಕೈಯಿರುವುದೋ ಕೊಕ್ಕೆ ಹಿಡಿದ ಕೈಯಿರುವುದೋ ಅದಕ್ಕೆ ತಿಳಿಯದು. ಈ ಪ್ರಶ್ನೆಯ ಬಳಿಗೆ ಬಂದಾಗಲೆಲ್ಲ ಚಿತ್ರ ನಿಲ್ಲದೆ ಮುಂದೆ ಹರಿಯುವುದು.

ಪ್ರಶ್ನೆಗೆ ಉತ್ತರ ಸುಲಭವಾದುದಲ್ಲ; ಸಂಶೋಧಕರೂ ಒಂದೇ ಮಾತನ್ನು ಹೇಳುವುದಿಲ್ಲ. ಎರೆ ಹಾಕುವುದು ರೂಢಿಯಾದ ಬಹಾಮಾಸಿನಲ್ಲಿಯೂ, 2002ರಿಂದ ಮುಳುಗುಗಾರರು ಮೀನುಗಳಿಗೆ ತಿನಿಸು ಕೊಡುವುದನ್ನು ನಿಷೇಧಿಸಿರುವ ಫ್ಲಾರಿಡದಲ್ಲಿಯೂ ಹುಲಿ ಶಾರ್ಕುಗಳಿಗೆ ಉಪಗ್ರಹದ ಗುರುತು ಕಟ್ಟಿ ಹೋಲಿಸಿ ನೋಡಿದ ಒಂದು ಸಂಶೋಧನೆ 2012ರಲ್ಲಿ ಪ್ರಕಟವಾಯಿತು. ತಿನಿಸಿನ ಜಾಗಕ್ಕೆ ಅಂಟಿಕೊಂಡು ಸೋಮಾರಿಗಳಾಗಿರಬೇಕಾಗಿದ್ದ ಬಹಾಮಾಸಿನ ಶಾರ್ಕುಗಳೇ ಹೆಚ್ಚು ದೂರ ಅಲೆದಿದ್ದುವು. ಇದಕ್ಕೆ ವಿರುದ್ಧವಾಗಿ, ಫ್ರೆಂಚ್ ಪಾಲಿನೇಷ್ಯದ ಮೊಓರಿಯ ದ್ವೀಪದಲ್ಲಿ ನಿಂಬೆ ಶಾರ್ಕುಗಳನ್ನು ಕುರಿತು 2010ರಲ್ಲಿ ಹೊರಬಂದ ಸಂಶೋಧನೆಯಲ್ಲಿ, ತಿನಿಸಿನ ಜಾಗದಲ್ಲಿ ಅವು ಹೆಚ್ಚುಕಾಲ ನೆಲೆನಿಂತು ತಮ್ಮತಮ್ಮಲ್ಲಿ ಕಚ್ಚಾಡುವುದೂ ಹೆಚ್ಚಿತೆಂದು ಕಂಡುಬಂದಿತು. ದಕ್ಷಿಣ ಆಸ್ಟ್ರೇಲಿಯದ ನೆಪ್ಚ್ಯೂನ್ ದ್ವೀಪಗಳಲ್ಲಿ ಪ್ರವಾಸಿ ದೋಣಿಗಳ ಓಡಾಟ 2007ರಲ್ಲಿ ಹೆಚ್ಚಿದ ಮೇಲೆ ಮಹಾಶ್ವೇತಗಳು ಅಲ್ಲಿ ತಂಗುವ ರೀತಿಯೇ ಬದಲಾಯಿತು. ಸರಕಾರದವರು ದೋಣಿಗಳ ದಿನಗಳಿಗೆ ಮಿತಿ ಹಾಕಬೇಕಾಯಿತು. ಮೆಕ್ಸಿಕೋ ದೇಶವಂತೂ ಗ್ವಾಡಲೂಪೆ ದ್ವೀಪದಲ್ಲಿ ಈ ಪ್ರವಾಸೋದ್ಯಮವನ್ನು 2023ರಲ್ಲಿ ಪೂರ್ತಿಯಾಗಿ ಮುಚ್ಚಿಬಿಟ್ಟಿತು. ಯಾವ ಜಾತಿಗೆ, ಯಾವ ಜಾಗದಲ್ಲಿ, ಎಷ್ಟು ತಿನಿಸು, ವರ್ಷದಲ್ಲಿ ಎಷ್ಟು ದಿನ ಎಂಬುದರ ಮೇಲೆ ಫಲವು ನಿಂತಿದೆಯೆಂದಷ್ಟೇ ಹೇಳಬಹುದು.

ಎರೆಯ ಪರವಾಗಿ ಹೇಳುವವರ ಮಾತಿನಲ್ಲಿಯೂ ಸತ್ವವಿದೆ. ಬಹಾಮಾಸಿನಲ್ಲಿ ಶಾರ್ಕು ಮತ್ತು ತೊರಕೆಗಳನ್ನು ನೋಡಬರುವವರಿಂದ 2014ರಲ್ಲಿ ಸುಮಾರು 11 ಕೋಟಿ 38 ಲಕ್ಷ ಡಾಲರುಗಳ ಲಾಭವಾಯಿತೆಂದು ಒಂದು ಗಣನೆ. 2011ರಲ್ಲಿ ಆ ದೇಶ ತನ್ನ ಕಡಲನ್ನೆಲ್ಲ ಶಾರ್ಕುಗಳಿಗೆ ಅಭಯಧಾಮವೆಂದು ಘೋಷಿಸಿದ್ದರ ಹಿಂದೆ ಈ ಹಣದ ಬಲವೂ ಉಂಟು. ಫಿಜಿಯ ಶಾರ್ಕ್ ರೀಫ್ ಎಂಬಲ್ಲಿ ಹತ್ತಿರದ ಹಳ್ಳಿಗಳವರು ತಮ್ಮ ಪರಂಪರೆಯ ಮೀನುಗಾರಿಕೆಯ ಹಕ್ಕನ್ನು ಬಿಟ್ಟುಕೊಟ್ಟಿದ್ದಾರೆ. ಅದಕ್ಕೆ ಪ್ರತಿಯಾಗಿ ಮುಳುಗಲು ಬರುವ ಪ್ರತಿಯೊಬ್ಬನಿಂದಲೂ ಅವರಿಗೆ ಕಾಣಿಕೆ ಸಲ್ಲುವುದು. 2019ರಲ್ಲಿ ಮೀನುಗಾರಿಕೆಯಿಂದ ಸುಮಾರು 8 ಕೋಟಿ ಶಾರ್ಕುಗಳು ಸತ್ತುವೆಂದು ಲೆಕ್ಕವಿರುವಾಗ, ಕೆಲವು ನೂರು ಶಾರ್ಕುಗಳು ಕೆಲವು ಮೀನಿನ ತಲೆಗಳನ್ನು ತಿಂದು ಬದುಕಿಕೊಂಡರೆ ಅದನ್ನು ಅನೀತಿಯೆಂದು ಕರೆಯುವುದು ಕಠಿನ. ಆದರೆ ಕಾಣಿಕೆಯ ಈ ನ್ಯಾಯ ಸಲ್ಲಬೇಕಾದರೆ ಎರೆಯ ವ್ಯವಹಾರ ಬಹಿರಂಗವಾಗಿರಬೇಕು: ಕೊಡುವವನು ಯಾರು, ಕೊಡುವುದೇನು, ಹಣ ಹೋಗುವುದೆಲ್ಲಿ ಎಂಬುದು ಬಂದವನಿಗೆ ತಿಳಿದಿರಬೇಕು. ಬಂದವನ ಜೀವವೂ ಈ ಲೆಕ್ಕದಲ್ಲಿ ಸೇರಿದೆ. 2008ರಲ್ಲಿ ಬಹಾಮಾಸಿನ ಬಳಿ ಎರೆ ಹಾಕಿ ಬೋನಿಲ್ಲದೆ ನಡೆಸಿದ ಮುಳುಗಿನಲ್ಲಿ ಒಬ್ಬ ಪ್ರವಾಸಿ ಶಾರ್ಕಿನ ಕಡಿತದಿಂದ ತೀರಿಕೊಂಡನು. ಲೋಕದಲ್ಲಿ ಶಾರ್ಕುಗಳು ಕೆಣಕದೆ ಕಚ್ಚಿ ಸಾಯುವವರು ವರ್ಷಕ್ಕೆ ಸರಾಸರಿ ಹತ್ತು ಮಂದಿಯೂ ಇಲ್ಲ. ಅಷ್ಟು ಅಪರೂಪದ ಅಪಾಯವನ್ನು ಬಕೆಟ್ಟಿನಲ್ಲಿ ಹೊತ್ತುಕೊಂಡು ಹೋಗುವಾಗ ಅದನ್ನು ಸ್ನೇಹವೆಂದು ಕರೆದರೆ ಕರೆದವನಿಗೂ ಮೋಸ, ಬಂದವನಿಗೂ ಮೋಸ.

ಈ ಕಾರಣದಿಂದಲೇ ಈಚಿನ ‘ಶಾರ್ಕ್ ವಿಸ್ಪರರ್’ (2025) ಎಂಬ ಚಿತ್ರ ಏಟ್ಕೆನ್ನರ ಚಿತ್ರಕ್ಕಿಂತ ಹೆಚ್ಚಿನ ಕಳವಳವನ್ನುಂಟುಮಾಡುವುದು. ಹವಾಯಿಯ ಓಷನ್ ರ‍್ಯಾಮ್ಸಿ ಎಂಬ ಮುಳುಗುಗಾರ್ತಿ ಇದರ ನಾಯಕಿ. 2019ರ ಜನವರಿಯಲ್ಲಿ ಓಆಹು ದ್ವೀಪದ ಬಳಿ ಸತ್ತ ತಿಮಿಂಗಿಲವೊಂದನ್ನು ತಿನ್ನಲು ಬಂದ ಭಾರಿ ಮಹಾಶ್ವೇತವನ್ನು ಕೈಯಿಂದ ಮುಟ್ಟಿ ಅದರ ಜೊತೆ ಈಜಿದ ಆಕೆಯ ಚಿತ್ರಗಳು ಲೋಕಪ್ರಸಿದ್ಧವಾದುವು. ಹಲವು ಶಾರ್ಕ್ ತಜ್ಞರು ಆಕ್ಷೇಪಿಸಿದರು. ಅಲ್ಲಿ ಎರೆಯನ್ನು ಹಾಕಿದವರು ಮನುಷ್ಯರಲ್ಲವೆಂಬುದು ನಿಜ. ಶಾರ್ಕುಗಳನ್ನು ಕೊಲ್ಲಬಾರದೆಂದು ಹವಾಯಿಯಲ್ಲಿ 2021ರಲ್ಲಿ ಆದ ಕಾನೂನಿಗಾಗಿ ಆಕೆ ವರ್ಷಗಟ್ಟಲೆ ದುಡಿದಳೆಂಬುದೂ ನಿಜ. ಆ ಕೀರ್ತಿಯನ್ನು ಕಿತ್ತುಕೊಳ್ಳುವುದು ವಿಮರ್ಶೆಯ ಕೆಲಸವಲ್ಲ. ಆದರೆ ಗಿಂಬೆಲ್ಲರ ಚಿತ್ರದಲ್ಲಿ ನಡುವೆ ಹೆಣವಿದ್ದಿತು, ಮನುಷ್ಯರು ಅಂಚಿನಲ್ಲಿದ್ದರು. ಈ ಚಿತ್ರಗಳಲ್ಲಿ ನಡುವೆ ಮನುಷ್ಯನ ಕೈ, ಅಂಚಿನಲ್ಲೆಲ್ಲೋ ಹೆಣ. ಒಂದು ಮುಟ್ಟುವಿಕೆಯ ಚಿತ್ರವನ್ನು ನೋಡಿದ ಸಾವಿರ ಮಂದಿಯಲ್ಲಿ ಕೆಲವರಾದರೂ ತಾವೂ ಮುಟ್ಟಬೇಕೆಂದು ಹೊರಡುವರು. ಅವರಿಗೆ ಆಕೆಯ ಅಭ್ಯಾಸವಾಗಲಿ ಪ್ರಾಣಿಯ ಮೈಬಾಗುವಿಕೆಯಿಂದ ಅದರ ಮನಸ್ಸನ್ನು ಅರಿಯುವ ಕಣ್ಣಾಗಲಿ ಇರದು. ಶ್ರೀಮತಿ ಟೇಲರರ ಕಾಲದಲ್ಲಿ ಕೈಯಲ್ಲಿ ಕ್ಯಾಮೆರಾ ಇದ್ದವರು ನಾಲ್ಕೈದು ಮಂದಿ, ಇಂದು ಕ್ಯಾಮೆರಾ ಇಲ್ಲದವರನ್ನು ಹುಡುಕಬೇಕು. ಅದೇ ಕೆಲಸ ಅಂದು ಪ್ರಯೋಗವಾಗಿದ್ದಿತು, ಇಂದು ಅನುಕರಣೆಗೆ ಕರೆಯಾಗಿದೆ.

ಭಾರತದಲ್ಲಿಯೂ ಶಾರ್ಕಿನ ಮೇಲೆ ಒಂದು ಗಣ್ಯವಾದ ಚಿತ್ರ ಬಂದಿದೆ: ಮೈಕ್ ಪಾಂಡೆಯವರ ‘ಶೋರ್ಸ್ ಆಫ್ ಸೈಲೆನ್ಸ್’ (2000). ಗುಜರಾತಿನ ಕಡಲತೀರದಲ್ಲಿ ತಿಮಿಂಗಿಲ ಶಾರ್ಕುಗಳನ್ನು ಹಿಡಿದು ಕೊಯ್ಯುತ್ತಿದ್ದ ರೀತಿಯನ್ನು ಅದು ಲೋಕದ ಮುಂದಿಟ್ಟಿತು. ಮೇಲಿನ ಚಿತ್ರಗಳೊಡನೆ ಇದನ್ನು ಹೋಲಿಸುವುದು ಪೂರ್ತಿ ನ್ಯಾಯವಲ್ಲ. ಲೋಕದ ಮೀನುಗಳಲ್ಲೆಲ್ಲ ದೊಡ್ಡದಾದ ತಿಮಿಂಗಿಲ ಶಾರ್ಕ್ ನೀರನ್ನು ಸೋಸಿ ಸಣ್ಣ ಜೀವಿಗಳನ್ನು ತಿನ್ನುವ ಸಾಧುಪ್ರಾಣಿ. ಅದನ್ನು ಪ್ರೀತಿಸಲು ಧೈರ್ಯ ಬೇಡ. ಆದರೂ ಒಂದು ಮಾತನ್ನು ಹೇಳಲೇಬೇಕು. ಆ ಚಿತ್ರದಲ್ಲಿ ಯಾರೂ ಶಾರ್ಕಿನ ಸ್ನೇಹಿತರಾಗಿ ನಟಿಸುವುದಿಲ್ಲ, ಯಾರೂ ಅದಕ್ಕೆ ತಿನ್ನಿಸುವುದಿಲ್ಲ, ಅದರ ಬೆನ್ನೇರಿ ಹೋಗುವುದಿಲ್ಲ. ಕೊಕ್ಕೆ, ಹಗ್ಗ, ದಡದ ಮೇಲೆ ರಾಶಿಬಿದ್ದ ಮಾಂಸ, ಅದನ್ನು ಕೊಯ್ದು ಹೊಟ್ಟೆ ಹೊರೆಯಬೇಕಾದ ಬಡ ಬೆಸ್ತರು, ಇಷ್ಟೇ. ಪ್ರಾಣಿಯ ಸೊಬಗು ಪ್ರೇಕ್ಷಕನಿಗೆ ಕಾಣುವುದು ಅದು ಸಾಯುತ್ತಿರುವಾಗ. 2001ರ ಮೇ ತಿಂಗಳಿನಲ್ಲಿ ಭಾರತಸರ್ಕಾರ ತಿಮಿಂಗಿಲ ಶಾರ್ಕನ್ನು ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಪಟ್ಟಿಗೆ ಸೇರಿಸಿತು. ಮುಂದೆ ಕೆಲವು ವರ್ಷಗಳಲ್ಲಿ, ಹಿಂದೆ ಅದನ್ನು ಹಿಡಿಯುತ್ತಿದ್ದ ಸೌರಾಷ್ಟ್ರದ ಬೆಸ್ತರೇ, ಬಲೆಗೆ ತಾನಾಗಿ ಸಿಕ್ಕಿಬಿದ್ದ ಶಾರ್ಕನ್ನು ಬಲೆ ಕತ್ತರಿಸಿ ಕಡಲಿಗೆ ಬಿಡತೊಡಗಿದರು; ಕತ್ತರಿಸಿದ ಬಲೆಗೆ ಪರಿಹಾರವಾಗಿ ಅವರಿಗೆ ಹಣ ಸಲ್ಲುವುದು. ಬಿಡುಗಡೆಯಾದ ಶಾರ್ಕು ದೋಣಿಯ ಬಳಿ ನಿಲ್ಲದೆ ಕೂಡಲೆ ಆಳಕ್ಕೆ ಇಳಿದುಹೋಗುವುದು.